ಹೊಂಡದ ಮೀನಿಗೆ ಹೊಲದ ತಪ್ಪಲು

ಪುಷ್ಯ ಮಾಸ ಬಂತೆಂದರೆ ಸೇಡಂ, ಚಿತ್ತಾಪುರದ ತೊಗರಿ ಹೊಲಗಳಲ್ಲಿ ಕಾಲಿಟ್ಟಲ್ಲೆಲ್ಲ ಹಳದಿ ಎಲೆ. ಕಾಯಿ ಬಲಿಯುತ್ತ ಹೋದಂತೆ ಗಿಡ ತನ್ನ ತಪ್ಪಲನ್ನು ಉದುರಿಸುತ್ತದೆ. ಅದನ್ನು ಯಾರೂ ಗುಡಿಸಿ ಎಸೆಯುವುದಿಲ್ಲ. ಮುಂದಿನ ಬೆಳೆಗೆ ಅದೇ ಗೊಬ್ಬರ ಎಂಬುದು ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಅದೇ ಹೊಲದ ತಗ್ಗಿನ ಮೂಲೆಯಲ್ಲಿ ಈಗ ಎಷ್ಟೋ ಕಡೆ ಒಂದು ಕೃಷಿ ಹೊಂಡವೂ ಇದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ತುಂಬ ಇಂಥ ಹೊಂಡಗಳನ್ನು ತೋಡಿಸಿದ್ದಾರೆ. ಹೊಂಡದಲ್ಲಿ ನೀರಿದ್ದರೆ ಮೀನುಮರಿ ಬಿಡುವ ಆಸೆಯೂ ಹುಟ್ಟುತ್ತದೆ. ಮರಿ ಬಿಟ್ಟವರಿಗೆ ಮೊದಲು ಬೀಳುವ ಪೆಟ್ಟು ತಿಂಡಿಯ ಖರ್ಚಿನದು. ಶೇಂಗಾ ಹಿಂಡಿಯ ದರ ಕೇಳಿದವರು ಹೊಲದಲ್ಲಿ ಪುಕ್ಕಟೆ ಬಿದ್ದಿರುವ ಎಲೆಯ ಕಡೆ ಒಮ್ಮೆಯಾದರೂ ನೋಡುತ್ತಾರೆ. ಮಣ್ಣಿಗೆ ಒಳ್ಳೆಯದಾದದ್ದು ಮೀನಿಗೆ ಯಾಕೆ ಆಗಬಾರದು?

ಈ ಪ್ರಶ್ನೆಗೆ ಮೀನು ವಿಜ್ಞಾನಿಗಳು ಹಲವು ದಶಕಗಳಿಂದ ಉತ್ತರ ಹುಡುಕುತ್ತಿದ್ದಾರೆ. ಸಾಕಷ್ಟು ಉತ್ತರ ಸಿಕ್ಕಿಯೂ ಇದೆ. ಆದರೆ ಅದು ಪ್ರಯೋಗಾಲಯದಿಂದ ಹೊರಟು ನಮ್ಮ ಮೊಬೈಲಿಗೆ ಬಂದು ಇಳಿಯುವ ಹೊತ್ತಿಗೆ, ನುಗ್ಗೆ ಸೊಪ್ಪು ಹಾಕಿದರೆ ಮೀನು ಎರಡು ಪಟ್ಟು ಕೊಬ್ಬುತ್ತದೆ ಎಂಬ ಒಂದು ಸಾಲು ಮಾತ್ರ ಉಳಿದಿರುತ್ತದೆ. ಎಷ್ಟು ಹಾಕಬೇಕು, ಏನು ಮಾಡಿ ಹಾಕಬೇಕು, ಯಾವ ಹೊಲದ ಎಲೆ ಹಾಕಬೇಕು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಇರಬೇಕಾದದ್ದು ಅದೇ.

ಈ ಸೀಮೆಯ ನೀರಿನ ಮಾತು ಮೊದಲು. ಕಾಗಿಣಾ ನದಿ ಸೇಡಂ ತಾಲ್ಲೂಕನ್ನು ಹಾದು, ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು, ಶಹಾಬಾದ್ ಕಡೆ ಹೋಗಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಚಿಂಚೋಳಿಯಲ್ಲಿ ಮುಲ್ಲಾಮಾರಿ ಇದೆ, ನಾಗರಾಳದ ಜಲಾಶಯ ಇದೆ, ಕಾಡಿನ ನಡುವೆ ಚಂದ್ರಂಪಳ್ಳಿ ಅಣೆಕಟ್ಟು ಇದೆ. ಇತ್ತ ಹೇರೂರಿನ ಬಳಿ ಬೆಣ್ಣೆತೊರಾ. ಇಂಥ ದೊಡ್ಡ ನೀರಿನಲ್ಲಿ ಎಲೆ ಹಾಕಿ ಮೀನು ಸಾಕುವ ಮಾತೇ ಇಲ್ಲ. ಅಲ್ಲಿ ಮರಿ ಬಿಡುವುದು, ಬಲೆ ಬೀಸುವುದು, ಅಷ್ಟೇ. ಎಲೆಯ ಲೆಕ್ಕ ಸಲ್ಲುವುದು ನಮ್ಮ ಕೈಯಲ್ಲಿ ತಿಂಡಿ ತಿನ್ನುವ ಮೀನಿಗೆ, ಅಂದರೆ ಹೊಂಡ, ಸಣ್ಣ ಕೆರೆ, ಪಂಜರಗಳಿಗೆ. ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ಫರ್ಸಿ ಕಲ್ಲು ತೆಗೆದು ಕೈಬಿಟ್ಟ ಗಣಿಗಳಲ್ಲೂ ನೀರು ನಿಲ್ಲುತ್ತದೆ. ಜಾರ್ಖಂಡ್‌ನಲ್ಲಿ ಹಾಗೆ ಬಿಟ್ಟ ಕಲ್ಲಿದ್ದಲು ಗಣಿಗಳಲ್ಲಿ ಪಂಜರ ಇಳಿಸಿ ಮೀನು ಸಾಕುತ್ತಾರೆ. ನಮ್ಮಲ್ಲೂ ಆಗಬಾರದೆಂದೇನಿಲ್ಲ. ಆದರೆ ನೆಟ್ಟಗೆ ಇಳಿದ ಗೋಡೆಯ, ಆಳ ತಿಳಿಯದ ಆ ಗುಂಡಿಗಳಿಗೆ ಬೇಲಿ, ತೆಪ್ಪ, ಈಜು ಬಲ್ಲ ಆಳು ಇಲ್ಲದೆ ಇಳಿಯುವ ಧೈರ್ಯ ಬೇಡ.

ಈ ಕಡೆಯ ನೆಲದಡಿ ಸುಣ್ಣಕಲ್ಲಿನ ಹಾಸಿದೆ. ವಾಡಿ, ಸೇಡಂ, ಮಳಖೇಡಗಳಿಗೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಹೀಗಾಗಿ ಇಲ್ಲಿನ ನೀರಿಗೆ ಗಡಸುತನ ಹೆಚ್ಚು, ಕ್ಷಾರದ ಗುಣವೂ ಇದೆ. ಮೀನಿಗೆ ಇದು ಒಳ್ಳೆಯದೇ, ನೀರಿನ ಹುಳಿತನ ದಿನದಲ್ಲಿ ಏರುಪೇರಾಗದಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ತಡೆಯುತ್ತದೆ. ಕರಾವಳಿ, ಮಲೆನಾಡಿನ ಹುಳಿ ಮಣ್ಣಿಗೆಂದು ಬರೆದ ಕೈಪಿಡಿ ನೋಡಿ ಇಲ್ಲಿನ ಹೊಂಡಕ್ಕೂ ಹೆಕ್ಟೇರಿಗೆ ಇಷ್ಟು ಕ್ವಿಂಟಲ್ ಸುಣ್ಣ ಎಂದು ಸುರಿಯುವ ಮುಂಚೆ ಒಮ್ಮೆ ನೀರು ಪರೀಕ್ಷೆ ಮಾಡಿಸುವುದು ಲೇಸು. ಈ ಕ್ಷಾರದ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಇನ್ನು ಎಲೆ. ನಮ್ಮ ಹಳ್ಳಿಗಳಲ್ಲಿ ಗಿಡಮೂಲಿಕೆಗೂ ಮೀನಿಗೂ ಇದ್ದ ಹಳೆಯ ಸಂಬಂಧ ಸಾಕುವ ಸಂಬಂಧವಲ್ಲ, ಕೊಲ್ಲುವ ಸಂಬಂಧ. ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುವುದು, ಕಳ್ಳಿಹಾಲು ಬಿಡುವುದು, ಮೀನು ಮಂಕಾಗಿ ಮೇಲೆ ತೇಲಿದಾಗ ಬಾಚಿಕೊಳ್ಳುವುದು. 1897ರ ಮೀನುಗಾರಿಕೆ ಕಾಯ್ದೆಯೇ ನೀರಿಗೆ ವಿಷ ಹಾಕಿ ಮೀನು ಹಿಡಿಯುವುದನ್ನು ಅಪರಾಧವೆಂದಿತ್ತು. ಇಂಥ ಗಿಡಗಳಲ್ಲಿ ಹಲವಕ್ಕೆ ಈ ಗುಣ ಕೊಡುವುದು ಸಪೋನಿನ್ ಎಂಬ ನೊರೆ ಬರಿಸುವ ಪದಾರ್ಥ. ಅಂಟುವಾಳದ ನೊರೆಯೂ ಅದರದ್ದೇ. ನೀರಿನಲ್ಲಿ ಕರಗಿದ ಸಪೋನಿನ್ ಕಿವಿರಿನ ಮೂಲಕ ರಕ್ತ ಸೇರಿ ಕೆಂಪುಕಣಗಳನ್ನು ಒಡೆಯುತ್ತದೆ. ಸುತ್ತ ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ಸಾಕಣೆದಾರರೂ ಇದನ್ನು ತಿಳಿದೇ ಬಳಸುತ್ತಾರೆ. ಮರಿ ಬಿಡುವ ಮುಂಚೆ ಕೆರೆಯಲ್ಲಿರುವ ಕೊರವ, ಬಾಳೆಮೀನಿನಂಥ ಬೇಟೆಗಾರ ಮೀನುಗಳನ್ನು ತೆಗೆಯಲು ಹೆಕ್ಟೇರಿಗೆ, ಒಂದು ಮೀಟರ್ ಆಳದ ನೀರಿಗೆ, ಸುಮಾರು 2,500 ಕಿಲೊ ಹಿಪ್ಪೆ ಹಿಂಡಿ ಹಾಕುತ್ತಾರೆ. ಎರಡು ಮೂರು ವಾರದಲ್ಲಿ ವಿಷ ಇಳಿದು ಅದೇ ಹಿಂಡಿ ನೀರಿಗೆ ಗೊಬ್ಬರವಾಗುತ್ತದೆ. ನೆನಪಿಡಬೇಕಾದದ್ದು ಒಂದೇ. ಈ ಸಪೋನಿನ್ ನುಗ್ಗೆ ಎಲೆಯಲ್ಲೂ ಇದೆ, ಪ್ರಮಾಣ ಮಾತ್ರ ಬೇರೆ.

ಎಲೆಯನ್ನು ಹಸಿಯಾಗಿಯೇ ತಿಂದು ಬೆಳೆಯುವ ಮೀನು ಒಂದಿದೆ, ಹುಲ್ಲುಗೆಂಡೆ. ಪೂರ್ವ ಏಷ್ಯಾದ ನದಿಗಳ ಈ ಮೀನನ್ನು 1959ರಲ್ಲಿ ಭಾರತಕ್ಕೆ ತಂದರು. ಅದಕ್ಕೆ ಎರಡು ವರ್ಷ ಹಿಂದೆ, 1957ರ ಜುಲೈ 10ರಂದು, ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಳಿಕುಂಞಿ ನಮ್ಮ ಗೆಂಡೆ ಮೀನುಗಳಿಗೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸುವುದನ್ನು ಸಾಧಿಸಿದ್ದರು. ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುವುದು ಆ ನೆನಪಿಗೇ. ಮರಿ ಬೇಕಾದಷ್ಟು ಸಿಗತೊಡಗಿದ ಮೇಲೆ ಕಾಟ್ಲಾ, ರೋಹು, ಮೃಗಾಲ್ ಜೊತೆಗೆ ಹುಲ್ಲುಗೆಂಡೆ, ಬೆಳ್ಳಿಗೆಂಡೆ, ಸಾಮಾನ್ಯ ಗೆಂಡೆಗಳನ್ನು ಸೇರಿಸಿ ಒಂದೇ ಕೆರೆಯಲ್ಲಿ ಸಾಕುವ ಮಿಶ್ರ ಪದ್ಧತಿ ದೇಶದಲ್ಲಿ ಬೇರೂರಿತು. ಮೇಲಿನ ನೀರಿಗೊಂದು, ನಡುವಿಗೊಂದು, ತಳಕ್ಕೊಂದು. ಯಾರ ತುತ್ತಿಗೂ ಯಾರೂ ಕೈಹಾಕದಂತೆ ಮಾಡಿದ ಪಂಕ್ತಿ ಅದು.

ಹುಲ್ಲುಗೆಂಡೆಯ ಗಂಟಲಲ್ಲಿ ಗರಗಸದ ಅಂಚಿನ ಹಲ್ಲುಗಳಿವೆ. ಅವುಗಳಿಂದ ಎಲೆಯನ್ನು ತುಂಡರಿಸಿ ನುಂಗುತ್ತದೆ. ಹೊಟ್ಟೆ ಎಂಬ ಚೀಲ ಅದಕ್ಕಿಲ್ಲ, ಕರುಳೇ ಎಲ್ಲ. ನಾರನ್ನು ಅರಗಿಸುವ ಶಕ್ತಿಯೂ ಎತ್ತು, ಎಮ್ಮೆಗಳಿಗಿರುವಷ್ಟು ಇಲ್ಲ. ಅದಕ್ಕೇ ಅದು ತಿನ್ನುವುದು ವಿಪರೀತ, ಮೈಗೆ ಹತ್ತಿಸಿಕೊಳ್ಳುವುದು ಕಡಿಮೆ. ಒಂದು ಕಿಲೊ ತೂಕ ಕಟ್ಟಲು 30–40 ಕಿಲೊ ಹಸಿ ಹುಲ್ಲು ಬೇಕಾದೀತು. ಅಷ್ಟು ಹುಲ್ಲು ಎಲ್ಲಿಂದ ಎಂದು ಗಾಬರಿಯಾಗಬೇಕಿಲ್ಲ, ಯಾಕೆಂದರೆ ಅರೆಜೀರ್ಣವಾಗಿ ಹೊರಬಂದದ್ದು ವ್ಯರ್ಥವಾಗುವುದಿಲ್ಲ. ಅದು ನೀರಿಗೆ ಗೊಬ್ಬರ, ಆ ಗೊಬ್ಬರದಿಂದ ಪಾಚಿಯಂಥ ಸೂಕ್ಷ್ಮ ಸಸ್ಯಗಳು, ಅವುಗಳಿಂದ ಬೆಳ್ಳಿಗೆಂಡೆ, ಕಾಟ್ಲಾ. ಒಂದು ಹುಲ್ಲುಗೆಂಡೆಯನ್ನು ಚೆನ್ನಾಗಿ ಮೇಯಿಸಿದರೆ ಅದು ಮೂರು ಬೆಳ್ಳಿಗೆಂಡೆಗಳನ್ನು ಸಾಕುತ್ತದೆ ಎಂಬ ಲೆಕ್ಕ ಚೀನಾದ ಮೀನು ಸಾಕಣೆಯಲ್ಲಿ ಹಳೆಯದು. ಅಲ್ಲಿನ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಕೆರೆ ಏರಿಯ ಮೇಲೆ ಹಿಪ್ಪುನೇರಳೆ ಬೆಳೆದು, ಎಲೆ ರೇಷ್ಮೆ ಹುಳಕ್ಕೆ, ಹುಳದ ಹಿಕ್ಕೆ ಮೀನಿಗೆ, ಕೆರೆಯ ಹೂಳು ಮತ್ತೆ ಗಿಡಕ್ಕೆ ಎಂದು ಸುತ್ತು ತಿರುಗಿಸಿದ್ದರು.

ಎಲೆಯನ್ನು ನೇರವಾಗಿ ಮೀನಾಗಿಸಬೇಕೆಂದಿರುವ ಸೇಡಂ, ಚಿಂಚೋಳಿಯ ರೈತರಿಗೆ ನನ್ನ ಮೊದಲ ಸಲಹೆ ಈ ಮೀನೇ. ಹೊಂಡಕ್ಕೆ ಬಿಡುವ ನೂರು ಮರಿಯಲ್ಲಿ ಹತ್ತು ಹುಲ್ಲುಗೆಂಡೆ ಇರಲಿ. ದನಕ್ಕೆ ಬೆಳೆದ ಗಜರಾಜ ಹುಲ್ಲು, ಕುದುರೆ ಮಸಾಲೆಯಲ್ಲಿ ಒಂದು ಹಿಡಿ ಕತ್ತರಿಸಿ ಹಾಕಬಹುದು. ಸಂತೆ ಮುಗಿದ ಮೇಲೆ ಬಿದ್ದಿರುವ ಹೂಕೋಸಿನ ತಪ್ಪಲನ್ನೂ ತೊಳೆದು ಹಾಕಬಹುದು. ನೀರಿನ ಮೇಲೆ ಬಿದಿರಿನ ಚೌಕಟ್ಟು ತೇಲಿಬಿಟ್ಟು ಅದರೊಳಗೇ ಹಾಕಿದರೆ ತಿಂದದ್ದೆಷ್ಟು, ಬಿಟ್ಟದ್ದೆಷ್ಟು ಎಂದು ಕಣ್ಣಿಗೆ ಕಾಣುತ್ತದೆ. ಸಂಜೆಗೆ ಉಳಿದದ್ದನ್ನು ತೆಗೆದುಬಿಡಬೇಕು.

ರೋಹು, ಕಾಟ್ಲಾಗಳಿಗೆ ಹೀಗೆ ಹಸಿ ಎಲೆ ಹಾಕಿದರೆ ಮೂಸಿಯೂ ನೋಡುವುದಿಲ್ಲ. ಅವಕ್ಕೆ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಹಿಂಡಿ ತೌಡಿನಲ್ಲಿ ಕಲಸಿ ಕೊಡಬೇಕು. ಆಸೆ ಹುಟ್ಟಿಸುವ ಅಂಕಿಗಳು ಬರುವುದು ಇಲ್ಲೇ. ಒಣ ನುಗ್ಗೆ ಎಲೆಯಲ್ಲಿ ಪ್ರೋಟೀನ್ ಶೇ 25ಕ್ಕೂ ಮೇಲೆ. ಸುಬಾಬುಲ್ ಎಲೆಯದ್ದೂ ಹೆಚ್ಚು ಕಡಿಮೆ ಅಷ್ಟೇ. ಒಣಗಿಸಿದ ಅಜೋಲಾದಲ್ಲಿ ಶೇ 20ರಿಂದ 30. ಬೆಳೆಯುವ ಗೆಂಡೆಗಳಿಗೆ ಬೇಕಾದದ್ದೂ ಶೇ 25–30 ಪ್ರೋಟೀನ್ ಇರುವ ತಿಂಡಿ. ಹಾಗಾದರೆ ಹಿಂಡಿಯ ಜಾಗಕ್ಕೆ ಎಲೆ ಹಾಕಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ ಎಂದು ತೋರಿಸಿದ ಒಳ್ಳೆಯ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಜರ್ಮನಿಯ ಹೊಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ರಿಕ್ಟರ್, ಸಿದ್ಧುರಾಜು, ಬೆಕರ್ ಎಂಬ ಮೂವರು ತಿಲಾಪಿಯಾ ಮೀನುಗಳಿಗೆ ನುಗ್ಗೆ ಎಲೆಯ ಪುಡಿ ತಿನ್ನಿಸಿ ನೋಡಿದರು. ತಿಂಡಿಯ ಒಟ್ಟು ಪ್ರೋಟೀನ್‌ನಲ್ಲಿ ಹತ್ತನೇ ಒಂದು ಪಾಲು ನುಗ್ಗೆಯಿಂದ ಬಂದಾಗ ಮೀನಿನ ಬೆಳವಣಿಗೆಗೆ ತೊಂದರೆಯಾಗಲಿಲ್ಲ. ಪಾಲನ್ನು ಅದಕ್ಕಿಂತ ಏರಿಸಿದಾಗ ಬೆಳವಣಿಗೆ ಕುಗ್ಗಿತು. ಅದೇ ಗುಂಪು ಎಲೆಯನ್ನು ಮೆಥನಾಲ್‌ನಲ್ಲಿ ತೊಳೆದು, ಸಪೋನಿನ್‌ನಂಥವನ್ನು ಬಸಿದು ತೆಗೆದು ಕೊಟ್ಟಾಗ ಮೀನು ಇನ್ನೂ ಹೆಚ್ಚಿನ ಪಾಲನ್ನು ತಾಳಿಕೊಂಡಿತು. ಮೀನಿಗೆ ಆಗದಿದ್ದದ್ದು ಎಲೆಯಲ್ಲ, ಎಲೆಯೊಳಗೆ ಗಿಡ ತನ್ನ ರಕ್ಷಣೆಗೆಂದು ಕಟ್ಟಿಕೊಂಡ ಕಹಿ. ಹುಳ, ಮೇಕೆ ತಿನ್ನದಿರಲೆಂದು ಗಿಡ ಸಪೋನಿನ್, ಟ್ಯಾನಿನ್, ಫೈಟೇಟ್‌ಗಳನ್ನು ಇಟ್ಟುಕೊಂಡಿರುತ್ತದೆ. ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ಇನ್ನೊಂದು ವಿಷವೂ ಇದೆ. ಆ ಸೊಪ್ಪನ್ನು ಹೆಚ್ಚು ತಿಂದ ದನಕರುಗಳ ಕೂದಲು ಉದುರುವುದು ಅದರಿಂದಲೇ.

ಕಹಿ ತೆಗೆಯುವ ಉಪಾಯ ಮೆಥನಾಲ್ ಒಂದೇ ಅಲ್ಲ. ಸುಬಾಬುಲ್ ಎಲೆಯನ್ನು ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿದರೂ ಮಿಮೋಸಿನ್ ಬಹಳಷ್ಟು ಇಳಿಯುತ್ತದೆ. ಇನ್ನೂ ಚಂದದ ದಾರಿ ಹುಡುಕಿದವರು ಶಾಂತಿನಿಕೇತನದ ವಿಶ್ವಭಾರತಿಯವರು. ಅರುಣ್ ಕುಮಾರ್ ರೇ ಅವರ ತಂಡ ಮೀನಿನ ಕರುಳಿನಿಂದಲೇ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ತೆಗೆದು, ಅದರಿಂದ ಸುಬಾಬುಲ್ ಎಲೆಪುಡಿಯನ್ನು ಹುದುಗಿಸಿ, ರೋಹು ಮರಿಗಳಿಗೆ ತಿನ್ನಿಸಿತು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹುದುಗಿಸಿದ ಎಲೆ ತಿಂದ ಮರಿಗಳು ಹಾಗೇ ಎಲೆ ತಿಂದವಕ್ಕಿಂತ ಚೆನ್ನಾಗಿ ಬೆಳೆದವು. ರಾತ್ರಿ ಅಂಬಲಿ ಹುಳಿಯಿಟ್ಟು ಬೆಳಿಗ್ಗೆ ಕುಡಿಯುವ ನಾಡಿನವರಿಗೆ ಹುದುಗಿಸುವ ಮಾತು ಹೊಸದಲ್ಲ. ಆದರೆ ಮನೆಯಲ್ಲಿ ಹುದುಗಿಸಿದ ಎಲೆಯಲ್ಲಿ ಯಾವ ಸೂಕ್ಷ್ಮಜೀವಿ ಬೆಳೆದಿದೆ ಎಂದು ಹೇಳಲಾಗದು. ಬೂಷ್ಟು ಹಿಡಿದ, ಕೆಟ್ಟ ವಾಸನೆಯ ಪುಡಿಯನ್ನು ಹಾಳಾಗಬಾರದೆಂದು ಮೀನಿಗೆ ಹಾಕುವುದು ಬೇಡ.

ದುಡ್ಡಿನ ಮಾತೂ ಆಡಿಬಿಡೋಣ. ಹಸಿ ಎಲೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ನಾಲ್ಕೈದು ಕಿಲೊ ಹಸಿ ಸೊಪ್ಪು ಬಿಡಿಸಿ, ನೆರಳಲ್ಲಿ ಒಣಗಿಸಿದರೆ ಒಂದು ಕಿಲೊ ಪುಡಿ. ಬದುವಿನ ಮೇಲೆ ನುಗ್ಗೆ ಗಿಡವಿದ್ದು, ಮನೆಯವರ ಕೈಗೆ ಪುರುಸೊತ್ತಿದ್ದರೆ ಲೆಕ್ಕ ಕೂಡೀತು. ಮನುಷ್ಯರಿಗೆಂದು ಡಬ್ಬಿಯಲ್ಲಿ ಮಾರುವ ನುಗ್ಗೆ ಪುಡಿ ಕೊಂಡು ತಂದು ಮೀನಿಗೆ ಹಾಕುವುದು ಶೇಂಗಾ ಹಿಂಡಿಗಿಂತ ಎಷ್ಟೋ ಪಟ್ಟು ತುಟ್ಟಿ. ಕಲಬುರಗಿ ಸೀಮೆಯಲ್ಲಿ ಎಲೆಗಿಂತ ಸುಲಭವಾಗಿ ಸಿಗುವುದು ಬೇಳೆ ಗಿರಣಿಯ ತೊಗರಿ ಹೊಟ್ಟು, ಚುನ್ನಿ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು, ಬೇಳೆ ದೇಶಕ್ಕೆಲ್ಲ ಹೋಗುತ್ತದೆ, ಹೊಟ್ಟು ಇಲ್ಲೇ ದನಕ್ಕೆ ಉಳಿಯುತ್ತದೆ. ಬೇಳೆಯ ನುಚ್ಚು ಹೆಚ್ಚಿರುವ ಚುನ್ನಿಯನ್ನು ಬೇಯಿಸಿ ತೌಡಿನ ಒಂದು ಪಾಲಿಗೆ ಬದಲಾಗಿ ಬೆರೆಸಿ ನೋಡಬಹುದು. ಬರೀ ಸಿಪ್ಪೆಯಾದರೆ ನಾರು ಹೆಚ್ಚು, ಗೆಂಡೆಗೆ ಅರಗುವುದಿಲ್ಲ.

ಇಷ್ಟು ಎಲೆ ಹೊಟ್ಟೆಗೆ ಹಿಟ್ಟಾಗುವ ಕತೆ. ಮದ್ದಾಗುವ ಕತೆ ಬೇರೆಯೇ, ಅಲ್ಲಿನ ಪ್ರಮಾಣವೂ ಬೇರೆ.

ಹೊಂಡದ ಮೀನಿಗೆ ಬರುವ ರೋಗಗಳಲ್ಲಿ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕಾಟ ಹೆಚ್ಚು. ಮೈಮೇಲೆ ಕೆಂಪು ಕಲೆ, ರೆಕ್ಕೆಯ ಬುಡದಲ್ಲಿ ರಕ್ತ, ಹೊಟ್ಟೆ ಉಬ್ಬರ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ಯಾವಾಗಲೂ ಇರುತ್ತದೆ, ಮೀನು ಸೊರಗಿದಾಗ ಮಾತ್ರ ಮೇಲೇಳುತ್ತದೆ. ಮೀನುಗಳ ರೋಗನಿರೋಧಕ ವ್ಯವಸ್ಥೆ ನಮ್ಮಷ್ಟು ನೆನಪಿನ ಮೇಲೆ ನಡೆಯುವುದಿಲ್ಲ. ಲೋಳೆಯ ಪದರ, ರಕ್ತದ ಬಿಳಿಕಣ, ಬ್ಯಾಕ್ಟೀರಿಯಾದ ಗೋಡೆ ಕರಗಿಸುವ ಲೈಸೋಜೈಮ್ ಮುಂತಾದ ಹುಟ್ಟುಗಾವಲಿನ ಮೇಲೆಯೇ ಹೆಚ್ಚು ನಿಂತಿದೆ. ಕೆಲವು ಎಲೆಗಳಲ್ಲಿರುವ ಫ್ಲೇವನಾಯ್ಡ್‌ನಂಥ ಪದಾರ್ಥಗಳು ಈ ಕಾವಲುಗಾರರನ್ನು ಚುರುಕು ಮಾಡುತ್ತವೆ ಎಂಬುದು ಸಂಶೋಧನೆಗಳ ಸಾರ. ತುಳಸಿ ಎಲೆಯ ಸಾರ ತಿಲಾಪಿಯಾದ ರೋಗನಿರೋಧಕ ಶಕ್ತಿ ಹೆಚ್ಚಿಸಿತೆಂದು ತಮಿಳುನಾಡಿನ ಲೋಗಾಂಬಾಳ್ ಮತ್ತು ಸಂಗಡಿಗರು 2000ದಲ್ಲಿ ಬರೆದರು. 2015ರಲ್ಲಿ ಪ್ರಕಟವಾದ ಗಿರಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಪೇರಲ ಎಲೆ ತಿಂಡಿಯಲ್ಲಿ ಬೆರೆಸಿ ತಿಂದ ರೋಹು ಮರಿಗಳು ಹೆಚ್ಚು ಬೆಳೆದವು, ಏರೋಮೊನಾಸ್ ಸೋಂಕಿಸಿದಾಗ ಹೆಚ್ಚು ಬದುಕಿದವು. ಆದರೆ ಅಲ್ಲಿ ಫಲ ಕೊಟ್ಟ ಪ್ರಮಾಣ ಸುಮಾರು ಅರ್ಧ ಶೇಕಡಾ. ಅಂದರೆ ಕಿಲೊ ತಿಂಡಿಗೆ ಐದು ಗ್ರಾಂ. ಹೆಚ್ಚು ಹಾಕಿದಷ್ಟೂ ಫಲ ಹೆಚ್ಚಲಿಲ್ಲ.

ಐದು ಗ್ರಾಂ ಎಂದರೆ ನಮ್ಮ ಹೊಂಡದಲ್ಲಿ ಎಷ್ಟಾಯಿತು? 21 ಮೀಟರ್ ಉದ್ದ, ಅಷ್ಟೇ ಅಗಲದ ಕೃಷಿ ಹೊಂಡ ತುಂಬಿದಾಗ ನೀರಿನ ಹರವು 441 ಚದರ ಮೀಟರ್. ಹೆಕ್ಟೇರಿಗೆ 5,000 ಮರಿಯ ಲೆಕ್ಕದಲ್ಲಿ ಅದಕ್ಕೆ 220 ಮೀನು. ಒಂದೊಂದು 200 ಗ್ರಾಂ ತೂಗಿದರೆ ಒಟ್ಟು 44 ಕಿಲೊ. ಮೈತೂಕದ ಶೇ 2ರಂತೆ ದಿನಕ್ಕೆ 880 ಗ್ರಾಂ ತಿಂಡಿ. ಅದಕ್ಕೆ ಬೀಳುವ ಎಲೆಪುಡಿ ನಾಲ್ಕೂವರೆ ಗ್ರಾಂ ಕೂಡ ಇಲ್ಲ. ಬೇಳೆಗೆ ಇಂಗು ಹಾಕುವ ಲೆಕ್ಕ ಇದು. ಪೇರಲ ಟೊಂಗೆಗಳನ್ನು ಕಡಿದು ಹೊಂಡದ ತುಂಬ ಹರಡುವವರು ಮದ್ದು ಹಾಕುತ್ತಿಲ್ಲ, ನೀರು ಕೊಳೆಸುತ್ತಿದ್ದಾರೆ.

ಇಲ್ಲಿ ನನ್ನದೊಂದು ಅನುಮಾನವನ್ನೂ ಹೇಳಬೇಕು. ಇಂಥ ಅಧ್ಯಯನಗಳು ನಡೆಯುವುದು ಬಹುಪಾಲು ಗಾಜಿನ ತೊಟ್ಟಿ, ಸಣ್ಣ ಟ್ಯಾಂಕುಗಳಲ್ಲಿ. ಬೆರಳುದ್ದ ಮರಿ, ಶುದ್ಧ ನೀರು, ಗಾಳಿ ಊದುವ ಯಂತ್ರ, ಎಂಟು ವಾರದ ಅವಧಿ. ಕೊನೆಗೆ ಸೂಜಿಯಿಂದ ಬ್ಯಾಕ್ಟೀರಿಯಾ ಚುಚ್ಚಿ ಎಷ್ಟು ಬದುಕಿದವು ಎಂದು ಎಣಿಸುತ್ತಾರೆ. ಏಪ್ರಿಲ್‌ನಲ್ಲಿ 42 ಡಿಗ್ರಿ ಬಿಸಿಲಿಗೆ ಕುದಿಯುವ ಸೇಡಂನ ಹೊಂಡ ಆ ತೊಟ್ಟಿಯಲ್ಲ. ಜೊತೆಗೆ ಎಲೆ ಹಾಕಿದೆವು, ಏನೂ ಆಗಲಿಲ್ಲ ಎಂಬ ಪ್ರಯೋಗವನ್ನು ಅಚ್ಚು ಹಾಕುವ ಉತ್ಸಾಹ ಜಗತ್ತಿನ ಯಾವ ಪತ್ರಿಕೆಗೂ ಅಷ್ಟಾಗಿ ಇರುವುದಿಲ್ಲ. ಹಾಗೆಂದು ಇದೆಲ್ಲ ಸುಳ್ಳಲ್ಲ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ನಂಥ ಪ್ರತಿಜೀವಕಗಳನ್ನು ಮೀನು ಸಾಕಣೆಯಲ್ಲಿ ನಿಷೇಧಿಸಿರುವಾಗ, ಮಾತ್ರೆ ಕರಗಿಸಿ ಹೊಂಡಕ್ಕೆ ಸುರಿಯುವ ಚಟಕ್ಕೆ ಬದಲಾಗಿ ಚಿಟಿಕೆ ಎಲೆಪುಡಿ ಎಷ್ಟೋ ಮೇಲು. 1988ರ ಹೊತ್ತಿಗೆ ಈಶಾನ್ಯ ರಾಜ್ಯಗಳ ಮೂಲಕ ದೇಶಕ್ಕೆ ಬಂದ ಮೀನಿನ ಹುಣ್ಣು ರೋಗಕ್ಕೆ ಹಳ್ಳಿಯವರು ಸುಣ್ಣ ಅರಿಶಿನ ಹಾಕಿ ತಡೆಯಲು ನೋಡಿದ್ದೂ ಇದೇ ಜಾಡಿನ ವಿವೇಕ.

ಬೇವಿನ ಬಗ್ಗೆ ಒಂದು ಮಾತು ಬೇರೆಯಾಗಿಯೇ ಬೇಕು, ಯಾಕೆಂದರೆ ನಮ್ಮಲ್ಲಿ ಎಲ್ಲದಕ್ಕೂ ಬೇವು. ಸೋಂಕು ತಗುಲಿದ ಸಾಮಾನ್ಯ ಗೆಂಡೆಯನ್ನು ಬೇವಿನ ಎಲೆಯ ಸಾರದಲ್ಲಿ ಅದ್ದಿ ತೆಗೆದಾಗ ರಕ್ತದ ಸ್ಥಿತಿ ಸುಧಾರಿಸಿತೆಂದು ಹರಿಕೃಷ್ಣನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ್ದಾರೆ. ಅದು ಅಳೆದ ಸಾರದಲ್ಲಿ, ಅಳೆದ ಹೊತ್ತು ಅದ್ದುವ ಚಿಕಿತ್ಸೆ. ಬೇವಿನ ಬೀಜದ ಕಷಾಯ, ಬೇವಿನ ಎಣ್ಣೆ ಇವು ಹುಳಕ್ಕೆ ಹೊಡೆಯುವ ಔಷಧಿಗಳು. ಹೊಂಡಕ್ಕೆ ಹೆಚ್ಚು ಬಿದ್ದರೆ ಮೀನಿಗೂ ಹೊಡೆಯುತ್ತವೆ.

ಇದಕ್ಕಿಂತ ದೊಡ್ಡ ಅಪಾಯ ತೊಗರಿ ಹೊಲದಲ್ಲೇ ಇದೆ. ಹೂವು ಬಿಟ್ಟಾಗಿನಿಂದ ಕಾಯಿ ಬಲಿಯುವವರೆಗೆ ಕಾಯಿಕೊರಕದ ಮೇಲೆ ಎರಡು ಮೂರು ಬಾರಿಯಾದರೂ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯದ ಹೊಲ ಈ ಭಾಗದಲ್ಲಿ ಸಿಗುವುದು ಅಪರೂಪ. ಆ ಔಷಧಿಗಳಲ್ಲಿ ಸೈಪರ್‌ಮೆಥ್ರಿನ್ ಜಾತಿಯವು ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ಘೋರ. ಶತಕೋಟಿ ಪಾಲು ನೀರಿಗೆ ಕೆಲವೇ ಪಾಲು ಬೆರೆತರೂ ಮೀನು ಸಾಯುತ್ತದೆ. ಅಂಥ ಹೊಲದ ತಪ್ಪಲನ್ನು ಪ್ರೋಟೀನ್ ಇದೆಯೆಂದು ಹೊಂಡಕ್ಕೆ ಹಾಕುವುದು, ಹೊಂಡದ ದಡದಲ್ಲೇ ಪಂಪು ತೊಳೆಯುವುದು ಎರಡೂ ಒಂದೇ. ಕಲಬುರಗಿ ಕಡೆ ತೊಗರಿ ಗಿಡಗಳನ್ನು ಜಾಡಿಸಿ, ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸಿ ಹಿಡಿಯುವ ಹಳೆಯ ಪದ್ಧತಿಯೊಂದಿತ್ತು. ಎಣ್ಣೆ ಹೊಡೆಯದ ಹೊಲದಲ್ಲಿ ಹಾಗೆ ಹಿಡಿದ ಹುಳು ಕೋಳಿಗೂ ಮೀನಿಗೂ ಯಾವ ಎಲೆಗಿಂತಲೂ ಒಳ್ಳೆಯ ಆಹಾರ. ಹತ್ತಿ ಹೊಲದ ಎಲೆಯ ಮಾತಂತೂ ಎತ್ತಲೇಬೇಡಿ. ಬದುವಿನ ನುಗ್ಗೆಯ ಮೇಲೂ ಪಕ್ಕದ ಹೊಲದ ಎಣ್ಣೆ ಹಾರಿ ಬಂದು ಕೂರುತ್ತದೆ. ವಾಡಿಯಂಥ ಕಡೆ ಸಿಮೆಂಟಿನ ದೂಳೂ ಕೂರುತ್ತದೆ. ದೂಳಿಗೆ ತೊಳೆದರೆ ಸಾಕು. ಎಣ್ಣೆ ತೊಳೆದರೆ ಹೋಗುತ್ತದೆಂದು ನಂಬಬಾರದು.

ಎಲೆ, ದಂಟುಗಳು ಮೀನಿನ ಬಾಯಿಗೆ ಹೋಗದೆಯೂ ಕೆಲಸ ಮಾಡುವ ಇನ್ನೊಂದು ದಾರಿ ಇದೆ. ನನ್ನ ಮಟ್ಟಿಗೆ ನಮ್ಮ ಹೊಂಡಗಳಿಗೆ ಹೇಳಿ ಮಾಡಿಸಿದ್ದು ಇದು. ಅದನ್ನು ವಿಜ್ಞಾನವಾಗಿ ಕಟ್ಟಿಕೊಟ್ಟವರಲ್ಲಿ ಕರ್ನಾಟಕದವರೇ ಮುಂದಿದ್ದಾರೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಈ ದೇಶದ ಮೊದಲ ಮೀನುಗಾರಿಕಾ ಕಾಲೇಜು. ಅಲ್ಲಿ ರಮೇಶ, ಕೆ. ಎಂ. ಶಂಕರ್, ಸಿ. ವಿ. ಮೋಹನ್, ಟಿ. ಜೆ. ವರ್ಗೀಸ್ ಅವರ ತಂಡ ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿಸಿದ ಅಂತರಗಂಗೆ ಮೂರನ್ನೂ ತೊಟ್ಟಿಗಳ ನೀರಿನಲ್ಲಿ ಇಳಿಬಿಟ್ಟು ಸಾಮಾನ್ಯ ಗೆಂಡೆ ಮತ್ತು ರೋಹುಗಳನ್ನು ಬೆಳೆಸಿ ನೋಡಿತು. 1999ರಲ್ಲಿ ಫಲಿತಾಂಶ ಹೊರಬಂತು. ಇಳಿಬಿಟ್ಟ ಕಡೆ ಮೀನು ಹೆಚ್ಚು ಬೆಳೆದಿತ್ತು, ಅದರಲ್ಲೂ ಕಬ್ಬಿನ ಸಿಪ್ಪೆ ಮೇಲಾಗಿತ್ತು. ಮೀನು ತಿಂದದ್ದು ಸಿಪ್ಪೆಯನ್ನಲ್ಲ, ಅದರ ಮೈಮೇಲೆ ಕಟ್ಟಿದ ಲೋಳೆಯನ್ನು. ನೀರಿನಲ್ಲಿ ನೆನೆದ ಯಾವ ಕಡ್ಡಿಯ ಮೇಲೂ ಕೆಲವು ದಿನದಲ್ಲಿ ಬ್ಯಾಕ್ಟೀರಿಯಾ, ಪಾಚಿ, ಸೂಕ್ಷ್ಮ ಪ್ರಾಣಿಗಳು ನೆಲೆಯೂರುತ್ತವೆ. ಝಾಲರಿ ತುಟಿಯ ರೋಹು ಅದನ್ನು ಕೆರೆದು ತಿನ್ನಲೆಂದೇ ಹುಟ್ಟಿದೆ. ಅದೇ ಕಾಲೇಜಿನ ಕೇಶವನಾಥ ಮತ್ತು ಸಂಗಡಿಗರು ಮುಂದೆ ನೆದರ್ಲೆಂಡ್ಸ್‌ನ ವಿಜ್ಞಾನಿಗಳ ಜೊತೆ ಕೂಡಿ ಬಿದಿರಿನ ಗೂಟಗಳನ್ನು ನೆಟ್ಟು ಮಹಶೀರ್ ಮೊದಲಾದ ನಾಡ ಮೀನುಗಳ ಮೇಲೂ ಪರೀಕ್ಷೆ ನಡೆಸಿದರು. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಬೆಸ್ತರು ಹಿನ್ನೀರಿನಲ್ಲಿ ಮರದ ಕೊಂಬೆಗಳನ್ನು ಹೂತು ಮೀನು ಕೂಡಿಸುವ ಪದ್ಧತಿಯ ಹಿಂದಿರುವುದೂ ಇದೇ ತತ್ವ.

ಕೃಷಿ ಹೊಂಡಗಳಲ್ಲಿ ಬಹಳಷ್ಟಕ್ಕೆ ಪಾಲಿಥಿನ್ ಹಾಳೆ ಹೊದಿಸಿರುತ್ತಾರೆ. ನೀರು ಇಂಗುವುದಿಲ್ಲ, ಸರಿ. ಆದರೆ ಮಣ್ಣಿನ ತಳದಿಂದ ಬರಬೇಕಾದ ಹುಳು, ಪೋಷಕಾಂಶ ಯಾವುದೂ ಇಲ್ಲ. ಇಂಥ ಹೊಂಡಕ್ಕೆ ತೊಗರಿ ಕಟ್ಟಿಗೆ, ಜೋಳದ ಕಣಕಿಯ ಕಟ್ಟುಗಳು ಮೀನಿನ ಮೇವುಗಾವಲಾಗಬಲ್ಲವು. ಕಣಕಿಯನ್ನು ದನದ ಬಾಯಿಂದ ಕಿತ್ತುಕೊಳ್ಳಲಾಗದು, ತೊಗರಿ ಕಟ್ಟಿಗೆ ಹೇಗೂ ಒಲೆಗೆ ಹೋಗುವಂಥದ್ದು. ಎಣ್ಣೆಯ ಅಂಶ ಕಳೆಯುವಂತೆ ಮಳೆ ಬಿಸಿಲಿಗೆ ತಿಂಗಳುಗಟ್ಟಲೆ ಬಿಟ್ಟ ಹಳೆಯ ಕಟ್ಟಿಗೆಯೇ ಬೇಕು. ತುದಿ ಚುಚ್ಚಿ ಹಾಳೆ ಹರಿಯದಂತೆ ಹಗ್ಗದಿಂದ ಮೇಲಿನಿಂದಲೇ ಇಳಿಬಿಡಬೇಕು, ತಳ ಮುಟ್ಟಬಾರದು. ಒಂದು ಮೂಲೆಯಲ್ಲಿ ಎರಡು ಕಟ್ಟಿನಿಂದ ಶುರು ಮಾಡಿದರೆ ಸಾಕು. ಮಂಗಳೂರಿನ ಈ ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೀದರ್‌ನಲ್ಲಿ, ಚಿಂಚೋಳಿಯ ಪಕ್ಕದ ಜಿಲ್ಲೆಯಲ್ಲಿ. ಕಡಲ ದಂಡೆಯ ತೊಟ್ಟಿಗಳಲ್ಲಿ ಕಬ್ಬಿನ ಸಿಪ್ಪೆ ಗೆದ್ದದ್ದಾಯಿತು. ತೊಗರಿ ಕಟ್ಟಿಗೆಯನ್ನು ಕಪ್ಪು ಮಣ್ಣಿನ ಸೀಮೆಯಲ್ಲಿ ಒಮ್ಮೆ ಅಚ್ಚುಕಟ್ಟಾಗಿ ಪರೀಕ್ಷಿಸಿ ಹೇಳಿದರೆ ರೈತರಿಗೆ ಉಪಕಾರವಾದೀತು.

ಕೊಳೆಯುವ ವಸ್ತು ನೀರಿಗೆ ಬಿದ್ದಾಗಲೆಲ್ಲ ಆಮ್ಲಜನಕದ ಲೆಕ್ಕ ನೋಡಬೇಕು. ಎಲೆ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಉಸಿರು ಬೇಕು. ರಾತ್ರಿಯಿಡೀ ಪಾಚಿಯೂ ಆಮ್ಲಜನಕ ಎಳೆಯುತ್ತದೆ. ನಸುಕಿನ ನಾಲ್ಕೈದು ಗಂಟೆಗೆ ನೀರಿನಲ್ಲಿ ಅದು ತೀರ ಕಡಿಮೆ. ಆ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಎಲೆ, ಗೊಬ್ಬರ, ತಿಂಡಿ ಎಲ್ಲ ನಿಲ್ಲಿಸಿ ಹೊಸ ನೀರು ಹರಿಸಬೇಕು. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿದಿಟ್ಟುಕೊಳ್ಳುವುದರಿಂದ ಮಾರ್ಚ್ ನಂತರ ಎಲೆಯ ಯಾವ ಪ್ರಯೋಗವೂ ಬೇಡ. ಹಿಂದೆ ಹೇಳಿದ ಕ್ಷಾರದ ಮಾತು ಬರುವುದು ಇಲ್ಲೇ. ಹಸಿ ಎಲೆ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ನೀರು ಬಿಸಿಯಾದಷ್ಟೂ, ಕ್ಷಾರವಾದಷ್ಟೂ ಅದರಲ್ಲಿ ಮೀನಿಗೆ ವಿಷವಾಗುವ ಪಾಲು ಹೆಚ್ಚುತ್ತದೆ. ತೀರ್ಥಹಳ್ಳಿಯ ಕೆರೆ ತಾಳಿಕೊಂಡಷ್ಟು ಹಸಿ ಎಲೆಯನ್ನು ಶಹಾಬಾದಿನ ಹೊಂಡ ತಾಳಲಾರದು. ಮೊಣಕೈವರೆಗೆ ಕೈಯನ್ನು ನೀರಿಗೆ ಇಳಿಸಿ ನೋಡುವ ಹಳೆಯ ಉಪಾಯ ಈಗಲೂ ಸಾಕು. ಅಂಗೈ ಅಲ್ಲಿಗೆ ಮಸುಕಾದರೆ ನೀರು ಹದವಾಗಿದೆ. ಮಣಿಕಟ್ಟು ಮುಳುಗುವ ಮುಂಚೆಯೇ ಕಾಣದಾದರೆ ಗೊಬ್ಬರ ಮಿತಿ ಮೀರಿದೆ.

ಎಲೆಯಿಂದ ಲಾಭವಾಯಿತೇ ಎಂದು ತಿಳಿಯಲು ತಕ್ಕಡಿಯನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಅಕ್ಕಪಕ್ಕದ ಹೊಲದವರಿಬ್ಬರು ಒಂದೇ ದಿನ, ಒಂದೇ ಕಡೆಯ ಮರಿ ತಂದು, ಒಂದೇ ತಿಂಡಿ ಹಾಕಿ, ಒಂದು ಹೊಂಡಕ್ಕೆ ಮಾತ್ರ ಎಲೆಪುಡಿ ಬೆರೆಸಲಿ. ಹದಿನೈದು ದಿನಕ್ಕೊಮ್ಮೆ ಬಲೆ ಎಳೆದು ಇಪ್ಪತ್ತು ಮೀನು ತೂಗಿ, ಸರಾಸರಿ ಬರೆದಿಟ್ಟು, ಸತ್ತವುಗಳ ಎಣಿಕೆಯನ್ನೂ ಮುಚ್ಚಿಡದೆ ಬರೆಯಲಿ. ಮೂರು ತಿಂಗಳಿಗೂ ಎರಡು ಹೊಂಡದ ತೂಕದಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಎಲೆಯ ಗೋಜು ಬಿಟ್ಟು, ಅದೇ ದುಡ್ಡು ದುಡಿಮೆಯನ್ನು ಮರಿಯ ಮೇಲೆ ಹಾಕುವುದು ವಾಸಿ. ಜುಲೈನಲ್ಲಿ ತುಂಬಿದ ನಮ್ಮ ಹೊಂಡಗಳು ಬೇಸಿಗೆಗೆ ಬತ್ತತೊಡಗುತ್ತವೆ. ಕಾಟ್ಲಾ, ರೋಹು ಕಿಲೊ ತೂಗಲು ಎಂಟು ಹತ್ತು ತಿಂಗಳು ಬೇಕು. ಉಗುರುದ್ದದ ಮರಿ ಬಿಟ್ಟರೆ ಅರ್ಧ ಕಾಲ ಅದು ಮರಿಯಾಗಿಯೇ ಕಳೆಯುತ್ತದೆ. ಹಿಂದಿನ ವರ್ಷದ್ದು, ಒತ್ತೊತ್ತಾಗಿ ಇಟ್ಟು ಬೆಳವಣಿಗೆ ತಡೆದ, 50–100 ಗ್ರಾಂ ತೂಗುವ ದೊಡ್ಡ ಮರಿ ತಂದು ಬಿಟ್ಟರೆ ಅವು ಜಾಗ, ತಿಂಡಿ ಸಿಕ್ಕ ಕೂಡಲೇ ಭರದಿಂದ ಬೆಳೆಯುತ್ತವೆ. ಅಂಥ ಮರಿ ಎಲ್ಲಿ ಸಿಗುತ್ತದೆ ಎಂದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಬೇಕಾದ ಕಾಲ ಮೇ ತಿಂಗಳು. ಹೊಂಡ ತುಂಬಿದ ಮೇಲೆ ಹೊರಟರೆ ಆ ಮರಿ ಅಷ್ಟರಲ್ಲಿ ಬೇರೆಯವರ ಪಾಲಾಗಿರುತ್ತದೆ.